ಎಡಚ ಯಾರು?

ಹಾಲಕ್ಕ ಆ ಕುದುರೆಯನ್ನು ಮೊದಲ ಸಲ ನೋಡಿದ್ದು ಲಾಯದ ಹಿಂಬದಿಯ ನೀರಿನ ತೊಟ್ಟಿಯ ಬಳಿ, ಬೆಳಗಿನ ಏಳು ಗಂಟೆಗೆ. ಕಂದು ಬಣ್ಣ, ಹಣೆಯ ಮೇಲೆ ಬೆರಳಗಲದ ಬಿಳಿ ಗೆರೆ, ಗೊರಸಿಗೆ ಅಂಟಿದ ಒದ್ದೆ ಹುಲ್ಲು. ಅವಳು ಬಕೆಟ್ ಕೆಳಗಿಡುವಷ್ಟರಲ್ಲಿ ಅದು ಬಗ್ಗಿ ಅವಳ ತಲೆವಸ್ತ್ರವನ್ನು ಹಲ್ಲಿನಿಂದ ಎಳೆದು ನೀರಿಗೆ ಹಾಕಿತು. ಲಾಯದ ಯಜಮಾನ ನಕ್ಕುಬಿಟ್ಟ.

"ನಿನ್ನನ್ನ ಒಪ್ಪಿಕೊಂಡ್ತು ನೋಡು. ತಗೋ, ಇದನ್ನ ನೀನೇ ಪಳಗಿಸು."

ಹದಿಮೂರು ವರ್ಷ ಮನೆಮನೆಗೆ ಹಾಲು ಹಾಕಿ, ಆಮೇಲೆ ಲಾಯ ಗುಡಿಸಲು ಸೇರಿ, ನೋಡಿ ನೋಡಿಯೇ ಸವಾರಿ ಕಲಿತವಳು ಅವಳು. ಹಾಲು ಬಿಟ್ಟರೂ ಹೆಸರು ಬಿಡಲಿಲ್ಲ. ಒಂದು ಕುದುರೆಯನ್ನು ಮೊದಲಿನಿಂದ ತಾನೇ ತಿದ್ದುವ ಅವಕಾಶ ಸಿಕ್ಕಿದ್ದು ಅದೇ ಮೊದಲು. ಆ ದಿನ ಮನೆಗೆ ನಡೆದು ಹೋದಳೋ ಹಾರಿ ಹೋದಳೋ ಅವಳಿಗೇ ಗೊತ್ತಿಲ್ಲ.

ನಾಲ್ಕು ತಿಂಗಳು ನೆಲದ ಮೇಲೆ ಕಂಬಗಳನ್ನು ಸಾಲಾಗಿ ಮಲಗಿಸಿ ದಾಟಿಸಿದಳು. ದೊಡ್ಡ ಸುತ್ತು, ಚಿಕ್ಕ ಸುತ್ತು ಹಾಕಿಸಿದಳು. ತೂರಾಡುತ್ತಿದ್ದ ಕುದುರೆಗೆ ಸಮತೋಲ ಬಂತು. ಬಾರದ್ದು ಒಂದೇ. ಕ್ಯಾಂಟರ್ ಎಂಬ ಮಧ್ಯಮ ವೇಗದ ಓಟದಲ್ಲಿ ಕುದುರೆ ಎಡಕ್ಕೆ ತಿರುಗುವಾಗ ಎಡ ಮುಂಗಾಲನ್ನು ಮುಂದೆ ಚಾಚಬೇಕು, ಬಲಕ್ಕೆ ತಿರುಗುವಾಗ ಬಲಗಾಲನ್ನು. ಇದು ಯಾವಾಗಲೂ ಎಡಗಾಲನ್ನೇ ಚಾಚಿ, ಬಲ ತಿರುವಿನಲ್ಲಿ ಮುಗ್ಗರಿಸುತ್ತಿತ್ತು. ಲಾಯದವರು ಎಡಚ ಎಂದು ಹೆಸರಿಟ್ಟರು. ಆದರೆ ಬರಿಬೆನ್ನಲ್ಲಿ ಬಯಲಿಗೆ ಬಿಟ್ಟರೆ ಅದೇ ಎಡಚ ಬಲಗಾಲು ಚಾಚಿ ಸಲೀಸಾಗಿ ತಿರುಗುತ್ತಿತ್ತು.

"ಮುಗ್ಗರಿಸೋ ಕುದುರೆ ಮೇಲೆ ಸವಾರಿ ಕಲಿಯೋಕೆ ಬರೋ ಮಕ್ಕಳನ್ನ ಕೂರಿಸೋಕಾಗಲ್ಲ," ಅಂದ ಯಜಮಾನ. "ಭಾನುವಾರ ದಲ್ಲಾಳಿ ಬರ್ತಾನೆ. ಅಷ್ಟರಲ್ಲಿ ಕಾಲು ಬದಲಾಯಿಸಿದ್ರೆ ಸರಿ, ಇಲ್ದಿದ್ರೆ ಕೊಟ್ಬಿಡ್ತೀನಿ."

ಶುಕ್ರವಾರ ಅವಳ ಸವಾರಿ ಪ್ಯಾಂಟಿನ ಹಿಂಭಾಗ ಹರಿಯಿತು. ಅತ್ತೆ ದರ್ಜಿ ಕೆಲಸದವಳು. ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕದ ಮೇಲಿಂದ ಸೊಸೆಯನ್ನು ನೋಡಿದಳು.

"ಅಲ್ಲಮ್ಮಾ, ನೀನು ಕುದುರೆ ಮೇಲೆ ಕೂರ್ತೀಯೋ, ನೇತಾಡ್ತೀಯೋ?"

"ಯಾಕತ್ತೆ?"

"ಎಡಗಡೆ ಜರಡಿ ಆಗಿದೆ, ಬಲಗಡೆ ಅಂಗಡಿಯಿಂದ ತಂದ ಹಾಗೇ ಇದೆ. ಹಾಲಿನ ಕ್ಯಾನ್ ಎಡಸೊಂಟದ ಮೇಲೆ ಹೊತ್ತೂ ಹೊತ್ತೂ ಆ ಕಡೆಗೇ ವಾಲಿಬಿಟ್ಟಿದ್ದೀಯ. ಎಡಚಿ ನೀನು. ಹೆಸರು ಮಾತ್ರ ಪಾಪ ಆ ಮೂಕಪ್ರಾಣಿಗೆ."

ಹಾಲಕ್ಕ ಪ್ಯಾಂಟನ್ನು ಕಸಿದುಕೊಂಡು ತಾನೇ ಬೆಳಕಿಗೆ ಹಿಡಿದಳು. ಬೆನ್ನ ಮೇಲೆ ತಾನಿಲ್ಲದಾಗ ಸರಿಯಾಗಿ ಓಡುವ ಕುದುರೆ. ತನ್ನ ಭಾರವೆಲ್ಲ ಎಡಕ್ಕೇ ಒತ್ತಿದರೆ ಅದು ಬಲಗಾಲು ಚಾಚುವುದಾದರೂ ಹೇಗೆ?

ಭಾರ ಎರಡೂ ಕಡೆ ಸಮವಾಗಲೆಂದು ಶನಿವಾರವಿಡೀ ಪಾದವಿಡುವ ರಿಕಾಬಿನಿಂದ ಕಾಲು ತೆಗೆದು ಸವಾರಿ ಮಾಡಿದಳು. ನೆಟ್ಟಗೆ ಕೂತಾಗಲೆಲ್ಲ ಬಲಕ್ಕೆ ಬಿದ್ದೇಬಿಡುತ್ತೇನೆ ಅನ್ನಿಸುತ್ತಿತ್ತು. ಮನೆಯಲ್ಲಿ ಕುರ್ಚಿಯ ಮೇಲೆ ಕೂತರೂ ಅತ್ತೆ ಬಿಡಲಿಲ್ಲ. "ವಾಲಿದೆ, ವಾಲಿದೆ," ಎನ್ನುತ್ತ ಟೇಪಿನಿಂದ ತಟ್ಟುತ್ತಿದ್ದಳು.

ಭಾನುವಾರ ದಲ್ಲಾಳಿ ಬೇಲಿಗೆ ಒರಗಿ ನಿಂತ. ಹಾಲಕ್ಕ ಕುದುರೆಯನ್ನು ಸರಪಳಿಯ ಎರಡು ಕೊಂಡಿಗಳಂತೆ ಕೂಡಿದ ಎರಡು ಸುತ್ತಿನಲ್ಲಿ ಓಡಿಸಿದಳು. ಎಡಸುತ್ತು ಮುಗಿದು, ಕೂಡುವ ಜಾಗ ಬಂತು. ಅವಳು ಬಲಕ್ಕೆ ಭಾರ ಇಳಿಸಿ, ತನ್ನ ಎಡಗಾಲನ್ನು ತುಸು ಹಿಂದಕ್ಕೆ ಒತ್ತಿದಳು. ಕುದುರೆಯ ಬೆನ್ನು ಒಮ್ಮೆ ಉಬ್ಬಿತು. ನಾಲ್ಕೂ ಕಾಲು ಗಾಳಿಯಲ್ಲಿದ್ದ ಆ ಅರೆಗಳಿಗೆಯಲ್ಲಿ ಹೆಜ್ಜೆ ಅದಲುಬದಲಾಗಿ, ಬಲಗಾಲು ಮುಂದೆ ಬಂದು ಮರಳನ್ನು ಮುಟ್ಟಿತು. ಮುಗ್ಗರಿಸಲಿಲ್ಲ. ಇನ್ನೊಂದು ಸಲ ಮಾಡಿಸಿದಳು. ಮತ್ತೊಂದು ಸಲ. ನಿಲ್ಲಿಸುವ ಮನಸ್ಸೇ ಬರಲಿಲ್ಲ.

"ಇದನ್ನ ಕೆಟ್ಟ ಕುದುರೆ ಅಂತ ಕರೆಸಿದ್ರಾ ಸ್ವಾಮಿ? ಈಗಲೇ ಒಯ್ತೀನಿ," ಅಂದ ದಲ್ಲಾಳಿ.

"ಕಾಫಿ ಕುಡ್ಕೊಂಡು ಹೋಗು," ಅಂದ ಯಜಮಾನ. "ಅದು ಮಾರೋಕಿಲ್ಲ."

ಈಗ ಹಾಲಕ್ಕ ಅದೇ ಲಾಯದಲ್ಲಿ ಬೆಳಿಗ್ಗೆ ಐದು ಕುದುರೆಗಳನ್ನು ಪಳಗಿಸುತ್ತಾಳೆ, ಸಂಜೆ ಮಕ್ಕಳಿಗೆ ಸವಾರಿ ಹೇಳಿಕೊಡುತ್ತಾಳೆ.