ಗೌರಮ್ಮನ ಪಾಲಿನ ನೀರು

ಮಾಲ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಗುರುಸಿದ್ದಪ್ಪನವರಿಗೆ ಮೈಯೆಲ್ಲ ಉರಿ ಏಳುತ್ತಿತ್ತು. ಗಾಜಿನ ಗೋಡೆಯಂತೆ, ತಾನೇ ಹತ್ತುವ ಮೆಟ್ಟಿಲಂತೆ, ಮೇ ತಿಂಗಳಲ್ಲೂ ಒಳಗೆ ಚಳಿಯಂತೆ! ಆ ಚಳಿಯ ಕರೆಂಟ್ ಬಿಲ್ಲನ್ನು ಯಾರ ತಲೆಗೆ ಕಟ್ಟುತ್ತಾರೆ ಎಂದು ಕೇಳಿದರೆ ಮಗ ಶಿವಪ್ರಸಾದ, ಕೇಳಿದವರದೇ ತಪ್ಪು ಎಂಬಂತೆ ನಕ್ಕು ಬೈಕ್ ಹತ್ತಿ ಹೋಗಿಬಿಡುತ್ತಾನೆ.

ಬಾಗಲಕೋಟೆಯ ಕಡೆಯಿಂದ ಬಂದು, ನಾಗಪುರದ ಅಂಬಾಝರಿಯ ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ತೋಪಿನ ಗುಂಡಿನ ಕವಚ ಕಡೆಯುತ್ತ ಆಯುಷ್ಯ ಸವೆಸಿ, ನಿವೃತ್ತರಾದ ಮೇಲೆ ಮನೀಶ್ ನಗರದಲ್ಲಿ ಮನೆ ಮಾಡಿದವರು ಗುರುಸಿದ್ದಪ್ಪನವರು. ನಾಗಪುರಕ್ಕೆ ಬಂದ ಹೊಸತರಲ್ಲೇ ಸೀತಾಬರ್ಡಿ ಬಜಾರಿನ ಗೋವಿಂದ ಶೇಟನ ಬಟ್ಟೆಯಂಗಡಿ ಹಿಡಿದವರು, ಇನ್ನೂ ಬಿಟ್ಟಿಲ್ಲ. ಗೋವಿಂದ ಸೊಲ್ಲಾಪುರದವನು, ಹರಕು ಮುರುಕು ಕನ್ನಡ ಬಲ್ಲವನು. ಅವನ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಬಿಳಿ ಗಾದಿಯ ಮೇಲೆ ಕೂತರೆ ಮೊದಲು ಬರುವುದು ಸೀರೆಯಲ್ಲ, ಮಡಕೆಯ ನೀರಿನ ಎರಡು ಗ್ಲಾಸು. "ನನಗ ಬ್ಯಾಡ, ನೀವ ಕುಡೀರಿ" ಎಂದು ಹೆಂಡತಿ ಗೌರಮ್ಮ ತಮ್ಮ ಗ್ಲಾಸನ್ನು ಇವರತ್ತ ಸರಿಸುವುದು, ಇವರು ಎರಡನ್ನೂ ಗಟಗಟ ಇಳಿಸುವುದು ಮೊದಲಿನಿಂದ ನಡೆದುಬಂದ ಪದ್ಧತಿ. "ನಮ್ಮಕಿಗೆ ನೀರಡಿಕಿ ಅನ್ನೂದ ಗೊತ್ತಿಲ್ಲ ಬಿಡ್ರಿ, ಒಂಟೆಯ ಜಾತಿ!" ಎಂದು ಕೂತವರಿಗೆಲ್ಲ ಹೇಳಿ ನಗುವುದೂ ಪದ್ಧತಿಯೇ. ಇಷ್ಟು ದೊಡ್ಡ ಊರಿನಲ್ಲಿ ಹೆಸರು ಹಿಡಿದು ಕರೆದು ಕೂಡಿಸುವ ಅಂಗಡಿ ಅದೊಂದೇ. ಮಾಲ್ ಎದ್ದ ಮೇಲೆ ಗೋವಿಂದ ನೊಣ ಹೊಡೆಯುತ್ತ ಕೂಡುವುದನ್ನು ಕಂಡರೆ ಗುರುಸಿದ್ದಪ್ಪನವರು ಬೇಡದ ಟವೆಲನ್ನಾದರೂ ಕೊಂಡು ಬರುತ್ತಿದ್ದರು.

ಇಂಥದ್ದರಲ್ಲಿ ಸೊಸೆ ನಮ್ರತಾಳಿಗೆ ಏಳು ತಿಂಗಳು ತುಂಬಿ, ಕುಬಸಕ್ಕೆ ಹಸಿರು ಸೀರೆ ತರುವ ದಿನ ಬಂತು. ಮನೆಯ ಮೊದಲ ಮೊಮ್ಮಗುವಿನ ಸೀರೆ. ಗೋವಿಂದನ ಕೈಯಿಂದಲೇ ಬರಬೇಕೆಂದು ಗುರುಸಿದ್ದಪ್ಪನವರು ಚೀಲ ಮಡಚಿಕೊಂಡು ಹೊರಟರೆ, ಗೌರಮ್ಮ ಆಟೋದಲ್ಲಿ ಕೂತು ಬಾಂಬು ಹಾಕಿದರು.

"ಮೊದಲ ಮಾಲ್‌ಗೆ ಹೋಗೂಣು."

"ಯಾಕ? ನಿನಗೂ ಹುಚ್ಚ ಹಿಡೀತೇನು?"

"ಬರ್ಡಿಯ ಬಾಯಾಗ ಐತಲ್ರಿ, ಹಾದಿ ಮ್ಯಾಲಿಂದ. ನಡೀರಿ ಸುಮ್ನ."

ಮಗ ಹೇಳಿದ್ದರೆ ಬೈಯಬಹುದಿತ್ತು, ಸೊಸೆ ಹೇಳಿದ್ದರೆ ಮುಖ ತಿರುಗಿಸಬಹುದಿತ್ತು. ಸೊಪ್ಪಿನವಳ ಜೊತೆ ಒಂದು ಕಟ್ಟು ಕೊತ್ತಂಬರಿಗೆ ಅರ್ಧ ತಾಸು ಜಗ್ಗಾಡುವ ಗೌರಮ್ಮನೇ ಮಾಲ್ ಅಂದರೆ ಯಾರಿಗೆ ಹೇಳುವುದು? ಹಲ್ಲು ಕಚ್ಚಿ ಹೋದರು.

ಬಾಗಿಲಲ್ಲೇ ಶನಿ ಕಾದಿತ್ತು. ಚೌಕಟ್ಟಿನಂಥ ಯಂತ್ರ ದಾಟಿದ್ದೇ ತಡ, ಅದು ಕುಂಯ್ ಎಂದು ಅರಚಿತು. ಕಾವಲಿನವನು ಕೈಯಲ್ಲಿದ್ದ ಬಡಿಗೆಯಂಥದನ್ನು ಮೈಮೇಲೆಲ್ಲ ಆಡಿಸಿ ಎದೆಯ ಹತ್ತಿರ ನಿಂತ. "ಕಾಕಾ, ಯೇ ಕ್ಯಾ ಹೈ? ನಿಕಾಲೋ."

ಅಂಗಿಯೊಳಗೆ ಇದ್ದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದ ದಿನದಿಂದ ಮೈ ಬಿಟ್ಟು ಇಳಿದದ್ದಲ್ಲ. ಆಸ್ಪತ್ರೆಯಲ್ಲಿ ಆಪರೇಶನ್ ಆದಾಗಲೂ ತೋಳಿಗೆ ಕಟ್ಟಿಕೊಂಡೇ ಮಲಗಿದ್ದವರು. ಅದನ್ನು ತೆಗೆದು ಪ್ಲಾಸ್ಟಿಕ್ ಬುಟ್ಟಿಯಲ್ಲಿಡಬೇಕಂತೆ, ಜನರ ಮೊಬೈಲು, ಚಿಲ್ಲರೆ, ಬೆಲ್ಟುಗಳ ನಡುವೆ!

"ಭಗವಾನ್ ಹೈ. ನಹೀ ನಿಕಲತಾ" ಎಂದರು. ಬೇಕಾದರೆ ಮುಟ್ಟಿ ನೋಡು, ಇಳಿಸುವುದಿಲ್ಲ ಎಂದು ಕೈಸನ್ನೆಯನ್ನೂ ಮಾಡಿದರು. ಅವನು ಪಾಪದವನೇ. ಆದರೆ ಅವನಿಗೆ ಹೇಳಿಕೊಟ್ಟದ್ದೇ ಅಷ್ಟು: ಯಂತ್ರ ಕೂಗಿದರೆ ತೆಗೆಸು. ಹಿಂದಿನವರು ಗೊಣಗತೊಡಗಿದರು. ಗೌರಮ್ಮನ ಲಿಂಗ ಬಟ್ಟೆಯಲ್ಲಿ ಕಟ್ಟಿದ್ದು, ಯಂತ್ರ ಕೂಗಿರಲಿಲ್ಲ; ಪಕ್ಕದ ಪರದೆಯೊಳಗಿನ ಹುಡುಗಿ ಅವರನ್ನು "ಜಾ ಆಜಿ" ಎಂದು ಆಗಲೇ ಒಳಗೆ ಬಿಟ್ಟಿದ್ದಳು.

ಗುರುಸಿದ್ದಪ್ಪನವರ ತಲೆ ಕೆಟ್ಟುಹೋಯಿತು. ಫ್ಯಾಕ್ಟರಿಯ ಗೇಟಿನಲ್ಲಿ ಇಷ್ಟು ವರ್ಷ ದಿನಾಲು ಮೈ ತಡವಿಸಿಕೊಂಡವರು; ಬೀಡಿ, ಕಡ್ಡಿಪೆಟ್ಟಿಗೆ ಕಸಿದುಕೊಳ್ಳುತ್ತಿದ್ದರೇ ಹೊರತು ಲಿಂಗದ ತಂಟೆಗೆ ಒಬ್ಬನೂ ಬಂದಿರಲಿಲ್ಲ. ತೋಪಿನ ಗುಂಡು ಮಾಡುವ ಜಾಗದಲ್ಲಿ ಬಿಟ್ಟರು, ಬನಿಯನ್ ಮಾರುವ ಜಾಗದಲ್ಲಿ ಬಿಡಲಿಲ್ಲವಲ್ಲ!

"ಏ, ಹೊರಗ ಬಾ!" ಎಂದು ಹೆಂಡತಿಯನ್ನು ಕೂಗಿದರು. "ಇವರ ಸೀರಿ ಇವರ ಉಟ್ಟಗೊಳ್ಳಲಿ. ನಡಿ, ಗೋವಿಂದನ ಕಡೆ."

ಗೌರಮ್ಮ ಒಳಗಿನಿಂದಲೇ ತಿರುಗಿ, "ಅಲ್ಲೇ ನೆರಳಿಗೆ ನಿಂದರ್ರಿ, ಬಂದೆ" ಎಂದವರೇ ಗುಂಪಿನಲ್ಲಿ ಸರಸರ ನಡೆದುಬಿಟ್ಟರು.

ಹೀಗೆ ಗಂಡನನ್ನು ಬೀದಿಯಲ್ಲಿ ಬಿಟ್ಟು ಹೋದವಳಲ್ಲ ಆಕೆ. ನಾಗಪುರದ ಬಿಸಿಲು ನೆತ್ತಿ ಕಾಯಿಸುತ್ತಿತ್ತು, ಒಳಗಿನ ಸಿಟ್ಟು ಅದಕ್ಕಿಂತ ಹೆಚ್ಚು. ತಾನು ದೇವರಿಗಾಗಿ ಬಾಗಿಲಲ್ಲಿ ನಿಂತರೆ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಡತಿಯೇ ಅಂಗಡಿ ನೋಡಲು ಓಡಿದಳಲ್ಲ ಎಂದು ಅವರಿಗೆ ನಿಜವಾಗಿ ನೋವಾಯಿತು. ಸೀರೆಯ ಪೊಟ್ಟಣ ಹಿಡಿದು ಬರಲಿ, ಕುಬಸದ ದಿನ ಅದರ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದರು.

ಗೌರಮ್ಮ ಬಂದರು, ಬರಿಗೈಯಲ್ಲಿ. ಮುಖ ತೊಳೆದುಕೊಂಡಿದ್ದರು.

"ಸೀರಿ ಎಲ್ಲಿ?"

"ಸೀರಿ ನೋಡಾಕ ಯಾರ ಹೋಗಿದ್ರು? ಬಾತ್‌ರೂಮಿಗೆ ಹೋಗಿದ್ದೆ."

"ಅದಕ್ಕ ಇಷ್ಟ ದೊಡ್ಡ ನಾಟಕೇನು? ಬರ್ಡಿಗೆ ಹೋಗಿ..."

"ಬರ್ಡಿಗೆ ಹೋಗಿ ಏನ ಮಾಡ್ಲಿ? ಎಲ್ಲಿ ಕೂಡ್ಲಿ? ಹೇಳ್ರಿ!" ಗೌರಮ್ಮನ ಧ್ವನಿ ಒಮ್ಮೆಲೇ ಏರಿತು. "ನೀವು ಗಂಡಸರು, ಗ್ವಾಡಿ ಕಂಡಲ್ಲೆ ನಿಂದರ್ತೀರಿ. ಆ ಬಜಾರದಾಗ ಹೆಣ್ಣಮಕ್ಕಳಿಗೆ ಒಂದರ ಜಾಗಾ ಐತೇನು? ಬರ್ಡಿಗೆ ಹೋಗೂ ದಿನಾ ಮುಂಜಾನಿಂದ ಒಂದ ಗುಟುಕ ನೀರು ಕುಡೀತಿದ್ದಿಲ್ಲ ನಾ. ಶಿವಪ್ರಸಾದ ಹೊಟ್ಟ್ಯಾಗಿದ್ದಾಗೂ ಕುಡೀಲಿಲ್ಲ. ಮನಿಗೆ ಬಂದು ಉರಿ ಉರಿ ಅಂತ ಅತ್ತರ, ಉಷ್ಣ ಆಗೇದ ಅಂತ ಮಜ್ಜಿಗಿ ಕುಡಿಸಿದ್ರಿ. ಗೋವಿಂದ ನೀರ ತಂದಿಟ್ಟಾಗ ನನ್ನ ನಾಲಿಗಿ ಅಂಗುಳಕ್ಕ ಅಂಟಿರತಿತ್ತು. ನೀವು ನನ್ನ ಗ್ಲಾಸೂ ಕುಡದು, ಒಂಟೆ ಅಂತ ಜನಾ ನಗಿಸ್ತಿದ್ರಿ."

ಗುರುಸಿದ್ದಪ್ಪನವರು ಕೈಯಲ್ಲಿದ್ದ ಚೀಲವನ್ನು ಬಿಚ್ಚಿ ಮತ್ತೆ ಮಡಚಿದರು.

"ಹ್ವಾದ ತಿಂಗಳ ನಮ್ರತಾನ ಜೋಡಿ ಬಂದಾಗ ನೋಡೀನಿ. ಸ್ವಚ್ಛ ಜಾಗಾ ಐತಿ, ಬಾಗಲಾ ಐತಿ, ಒಳಗ ಚಿಲಕ ಐತಿ. ಅದಕ್ಕ ಇವತ್ತ ಮುಂಜಾನಿ ಧೈರ್ಯ ಮಾಡಿ ತಂಬಿಗಿ ತುಂಬ ನೀರು ಕುಡದು ಬಂದೆ. ನಿಮ್ಮ ದೇವರನ ಇಳಸು ಅಂದದ್ದು ತಪ್ಪ, ನನಗೂ ಸಿಟ್ಟ ಬಂತು. ಆ ತಗಲಹಾಕಿದ ಸೀರಿ ನನಗೂ ಬ್ಯಾಡ. ಸೀರಿ ಗೋವಿಂದನ ಕಡೇನ ತಗೊಳ್ಳೂಣು. ನಡೀರಿ."

ಬರ್ಡಿಯ ಗದ್ದಲದಲ್ಲಿ ಗುರುಸಿದ್ದಪ್ಪನವರು ಎರಡೂ ಬದಿ ನೋಡುತ್ತ ನಡೆದರು. ಈ ಊರಿಗೆ ಬಂದಾಗಿನಿಂದ ಬಲ್ಲ ಬಜಾರು ಎಂದುಕೊಂಡಿದ್ದರು. ಬಳೆಯಂಗಡಿ, ಪಾತ್ರೆಯಂಗಡಿ, ಚಹಾದ ಗಾಡಿ, ಎಲ್ಲ ಇದ್ದವು. ಹೆಂಡತಿ ಕೇಳಿದ ಜಾಗ ಮಾತ್ರ ಎಷ್ಟು ಕಣ್ಣಾಡಿಸಿದರೂ ಕಾಣಲಿಲ್ಲ. ತಮ್ಮ ಮೇಲೆಯೇ ಸಿಟ್ಟು ಬಂತು. ಮಾಲ್‌ಗೂ ಬೈಯಲಾರದೆ, ಬಜಾರನ್ನೂ ಹೊಗಳಲಾರದೆ ಒದ್ದಾಡಿದರು.

"ಬರ್ರಿ ಬರ್ರಿ, ಗುರುಸಿದ್ದಪ್ಪಾ!" ಎಂದು ಗೋವಿಂದ ಗಾದಿ ಝಾಡಿಸಿದ. ಎರಡು ಗ್ಲಾಸು ನೀರು ಬಂತು. ಗುರುಸಿದ್ದಪ್ಪನವರು ತಮ್ಮದನ್ನು ಕುಡಿದಿಟ್ಟರು. ಕೈ ಹಾಳಾದ್ದು, ರೂಢಿಯಂತೆ ಇನ್ನೊಂದರ ಕಡೆ ಹೋಯಿತು. ಅಲ್ಲಿ ಗ್ಲಾಸಿರಲಿಲ್ಲ. ಗೌರಮ್ಮ ಅದನ್ನೆತ್ತಿ, ಕಣ್ಣು ಮುಚ್ಚಿ, ತಳ ಕಾಣುವವರೆಗೆ ಕುಡಿಯುತ್ತಿದ್ದರು.

ಗೋವಿಂದ ಕಣ್ಣರಳಿಸಿದ. "ಅರೇ! ಇವತ್ತ ಒಂಟೆಗ ನೀರಡಿಕಿ ಆತು!" ಎಂದು ಹಳೆಯ ಸ್ನೇಹದ ಸಲುಗೆಯಿಂದ ಹೊಟ್ಟೆ ಕುಣಿಸಿ ನಕ್ಕ.

ಗುರುಸಿದ್ದಪ್ಪನವರು ನಗಲಿಲ್ಲ. ಹೆಂಡತಿಯ ಕೈಯಿಂದ ಬರಿದಾದ ಗ್ಲಾಸು ತೆಗೆದುಕೊಂಡು, ಗಾದಿಯಿಂದ ಎದ್ದು, ಮೂಲೆಯ ಮಡಕೆಯಿಂದ ತಾವೇ ತುಂಬಿಸಿ ತಂದು ಅವರ ಮುಂದಿಟ್ಟರು.

"ಸೀರಿ ಆಮ್ಯಾಲೆ ತೋರಸು, ಗೋವಿಂದ" ಎಂದರು. "ಆಕಿ ನೀರು ಕುಡೀಲಿ."