ಕಾಗೆ ಬಾರದ ಹಿತ್ತಲು

ಶ್ರೀಕಂಠಯ್ಯನವರ ಹಿತ್ತಲಿಗೆ ಕಾಗೆ ಬಾರದಂತೆ ಮಾಡಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಬೈದುಕೊಳ್ಳಿ.

ಶ್ರೀರಂಗಪಟ್ಟಣದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮಹಾ ಮುಂಗೋಪಿ. ಮಕ್ಕಳಿಲ್ಲ. ಹೆಂಡತಿ ತುಳಸಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ಕಿಟಕಿಯಿಂದ ನೋಡಲು ಆಕೆಗೆ ಏನಾದರೂ ಇರಲಿ ಎಂದು ಈ ಮುಂಗೋಪಿ ಹಿತ್ತಲನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರು. ದಾಸವಾಳ ಕತ್ತರಿಸಲಿಲ್ಲ. ಪರಂಗಿ ಹಣ್ಣು ಗಿಡದಲ್ಲೇ ಉಳಿಯಿತು. ಒಡೆದ ಮಡಕೆಯ ತಳದಲ್ಲಿ ದಿನಾ ನೀರು. ಗುಬ್ಬಚ್ಚಿ ಬಂತು, ಪಿಕಳಾರ ಬಂತು, ಸೂರಕ್ಕಿ ಬಟ್ಟೆ ಒಣಹಾಕುವ ತಂತಿಗೇ ಗೂಡು ಕಟ್ಟಿತು. ಆ ತಂತಿಯ ಮೇಲೆ ಆಮೇಲೆ ಒಂದು ಪಂಚೆಯೂ ಬೀಳಲಿಲ್ಲ.

ಆ ಗೂಡಿನ ಮರಿಗಳನ್ನು ಕಾಗೆಗಳು ಎಳೆದು ತಿಂದವು, ತುಳಸಮ್ಮನ ಕಣ್ಣೆದುರಿಗೇ. ಶ್ರೀಕಂಠಯ್ಯ ಕೆಂಡವಾದರು. ನಾನು ಭಾರಿ ಬುದ್ಧಿವಂತನಂತೆ ಬಾಯಿ ಹಾಕಿದೆ.

"ಸ್ವಾಮಿ, ನಮ್ ಗದ್ದೇಲಿ ಒಂದ್ ಸತ್ತೋದ್ ಕಾಗೆ ನೇತಾಕ್ಬುಡ್ತೀವಿ. ಆಮೇಕೆ ಒಂದೂ ಅತ್ರ ಸುಳಿಯಾಕಿಲ್ಲ."

ಕರೆಂಟು ಹೊಡೆದು ಸತ್ತ ಕಾಗೆಯೊಂದು ಸಿಕ್ಕಿತು. ಅವರ ಸೀಬೆ ಮರಕ್ಕೆ ನಾನೇ ಕಟ್ಟಿದೆ. ಊರಿನ ಕಾಗೆಗಳೆಲ್ಲ ಬಂದು ದಿನವಿಡೀ ಗೋಳಾಡಿ ಹೋದವು. ಮತ್ತೆ ಬರಲಿಲ್ಲ.

"ಅದನ್ನ ಇಳಿಸಿಬಿಡಿ ಅಂದ್ರೆ. ಕಾಗೆಗೂ ಹೊಟ್ಟೆ ಇಲ್ವೇ?" ಎಂದು ತುಳಸಮ್ಮ ಮೂರು ದಿನ ಕೇಳಿಕೊಂಡರು. ಇವರು ಇಳಿಸಲಿಲ್ಲ. ನಾಲ್ಕನೆಯ ದಿನ ಆಕೆ ಕೇಳುವುದನ್ನೇ ಬಿಟ್ಟರು. ಎರಡು ತಿಂಗಳಿಗೆ ತೀರಿಕೊಂಡರು.

ಮೊನ್ನೆ ಆಕೆಯ ವರ್ಷದ ತಿಥಿ. ಪುರೋಹಿತರು ಕರ್ಮ ಮುಗಿಸಿದರು. ಶ್ರೀಕಂಠಯ್ಯ ಪಿಂಡದ ಎಲೆಯನ್ನು ಹಿತ್ತಲ ಗೋಡೆಯ ಮೇಲಿಟ್ಟು "ಕಾ ಕಾ" ಎಂದು ಕರೆದರು. ಗೋಡೆಯ ಈಚೆ ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದವನು ಹಾಗೇ ನಿಂತುಬಿಟ್ಟೆ. ಒಂದು ಗಂಟೆಯಾಯಿತು, ಎರಡಾಯಿತು. ಆಚೆ ಬೀದಿಯ ತಂತಿಯ ಮೇಲೆ ಸಾಲಾಗಿ ಕೂತ ಕಾಗೆಗಳು ಇತ್ತ ನೋಡಿದವೇ ಹೊರತು ಬರಲಿಲ್ಲ.

ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎನ್ನುತ್ತಾರೆ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇನೆಂದು ಮಾತು ಕೊಡಬೇಕು. ಶ್ರೀಕಂಠಯ್ಯ ಒದ್ದೆ ಪಂಚೆಯಲ್ಲೇ ಕೈ ಮುಗಿದು ನಿಂತರು.

"ನಿನ್ನ ತಂಗಿ ಹತ್ರ ಜಗಳ ಬಿಟ್ಟೆ ಕಣೇ, ಮನೆಗೆ ಕರೀತೀನಿ. ನಿನ್ನ ಹರಕೆ ಇತ್ತಲ್ಲ, ಕರಿಘಟ್ಟ ಹತ್ತಿ ತೀರಿಸ್ತೀನಿ. ಇನ್ನೇನು? ಇನ್ನೇನು ಬೇಕು ಹೇಳೇ!"

"ಹಸುವಿಗೆ ಕೊಟ್ಟರೂ ನಡೆಯತ್ತೆ ಶ್ರೀಕಂಠಯ್ಯನವರೇ," ಎಂದರು ಪುರೋಹಿತರು. ಅವರಿಗೂ ಹಸಿವಾಗಿತ್ತು, ಪಾಪ.

"ನಿಮಗೆ ನಡೆಯತ್ತೆ ರೀ!" ಎಂದು ಅರಚಿದವರು ತಟ್ಟನೆ ನನ್ನ ಕಡೆ ತಿರುಗಿದರು. "ಮಂಜುನಾಥ, ಅದನ್ನ ಇಳಿಸೋ."

ಕೈಯಲ್ಲಿದ್ದ ಹುಲ್ಲನ್ನು ಕೆಳಗೆ ಹಾಕಿದೆ. "ಅದು ಯಾವತ್ತೋ ಉದುರೋಯ್ತು ಸ್ವಾಮಿ. ಬರೀ ಅಗ್ಗ ಐತೆ."

"ಹಗ್ಗಾನೇ ಬಿಚ್ಚೋ!"

ಗೋಡೆ ಹಾರಿ ಮರ ಹತ್ತಿದೆ. ವರ್ಷಕ್ಕೂ ಮೇಲಿನ ಬಿಸಿಲು ಮಳೆಗೆ ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಗೇಣುದ್ದದ ಆ ಹಗ್ಗವನ್ನು ಕಿತ್ತುಕೊಂಡು ಅವರು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ಇಳಿಸಿದೆ ಕಣೇ. ನೋಡು, ಇಳಿಸಿದೆ."

ತಂತಿಯ ಮೇಲಿನ ಕಾಗೆಗಳು ಕದಲಲಿಲ್ಲ. ಬಂದದ್ದು ಅವರೇ ಕರೆದು ಸಾಕಿದ ಹಕ್ಕಿಗಳು. ಮೊದಲು ಎರಡು ಗುಬ್ಬಚ್ಚಿ, ಹಿಂದೆಯೇ ಪಿಕಳಾರ. ದಿನದಂತೆ ಯಾವ ಹೆದರಿಕೆಯೂ ಇಲ್ಲದೆ ಎಲೆಯಂಚಿಗೆ ಕೂತು ಅಗುಳು ಹೆಕ್ಕತೊಡಗಿದವು.

"ನೀವಲ್ಲ!" ಶ್ರೀಕಂಠಯ್ಯ ಹೆಗಲ ಮೇಲಿನ ಟವೆಲ್ ಎಳೆದು ಬೀಸಿದರು. "ನೀವಲ್ಲ, ಹೋಗಿ, ನೀವಲ್ಲ!"

ಹಕ್ಕಿಗಳು ಹಾರುತ್ತಿದ್ದವು, ಮತ್ತೆ ಬಂದು ಕೂರುತ್ತಿದ್ದವು. ಸಂಜೆಯವರೆಗೂ ಅವರು ಅಳುತ್ತಾ ಅವನ್ನು ಓಡಿಸುತ್ತಲೇ ಇದ್ದರು.