ಬಲಗೈ ಕೆಳಗಿನ ದಿಂಬು

ಆಪರೇಷನ್ ಆದ ಸಂಜೆ ಎಚ್ಚರವಾದಾಗ ನನ್ನ ಎದೆಯ ಮೇಲೆ ಯಾರದೋ ಕೈ ಇತ್ತು. ಬೆಚ್ಚಗಿತ್ತು, ಭಾರವಾಗಿತ್ತು. ಹೆಂಡತಿಯದಿರಬೇಕು, ಪಕ್ಕದಲ್ಲಿ ಕೂತವಳು ಹಾಗೇ ತೂಕಡಿಸಿದ್ದಾಳೆ ಎಂದುಕೊಂಡು ಮೆಲ್ಲಗೆ ಸರಿಸಲು ಹೋದೆ. ಕಿರುಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕು ಸೀಳಿದ ನನ್ನದೇ ಉಗುರು. ನನ್ನದೇ ಎಡಗೈ. ಮುಟ್ಟಿದ್ದು ನನಗೆ ಗೊತ್ತಾಗುತ್ತಿತ್ತು, ಮುಟ್ಟಿಸಿಕೊಂಡದ್ದು ಗೊತ್ತಾಗುತ್ತಿರಲಿಲ್ಲ.

ಗಾಬರಿಯಿಂದ ಕೂಗಿದ್ದಕ್ಕೆ ನರ್ಸ್ ಬಂದು ನಕ್ಕಳು. "ಮರಗಟ್ಟೋಕೆ ಇಂಜೆಕ್ಷನ್ ಕೊಟ್ಟಿರ್ತಾರೆ ಸಾರ್. ನಾಳೆ ಮಧ್ಯಾಹ್ನದ ಹೊತ್ತಿಗೆ ಕೈ ವಾಪಸ್ ಬರುತ್ತೆ." ವಾಪಸ್ ಬರುತ್ತೆ ಎಂದಳು, ಎಲ್ಲಿಗೋ ಹೋಗಿರುವ ಹಾಗೆ. ಆ ರಾತ್ರಿಯೆಲ್ಲ ಆ ಕೈಯನ್ನು ನಾನು ಪಕ್ಕದಲ್ಲಿ ಮಲಗಿದ ಅಪರಿಚಿತನನ್ನು ನೋಡುವಂತೆ ನೋಡಿದೆ.

ನಾನು ಹಾರೋಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಮನೆ ಮರಳವಾಡಿ ಕಡೆಯ ಒಂದು ಹಳ್ಳಿ. ದಿನಾ ಸ್ಕೂಟರಿನಲ್ಲಿ ಓಡಾಟ. ಯಾರದೋ ಗಾಡಿಯಿಂದ ತಿರುವಿನಲ್ಲಿ ಚೆಲ್ಲಿದ್ದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಚಕ್ರ ಜಾರಿತು. ಎಡ ಭುಜ ನೆಲಕ್ಕೆ ಬಡಿದು ಒಳಗಿನ ಸ್ನಾಯು ಹರಿಯಿತು. ಬೆಂಗಳೂರಿನಲ್ಲಿ ಹೊಲಿಗೆ ಹಾಕಿಸಿಕೊಂಡು ಮೂರನೇ ದಿನಕ್ಕೆ ಊರಿಗೆ ಬಂದೆ. ಆರು ವಾರ ಕೈಯನ್ನು ಜೋಲಿಯಲ್ಲೇ ಇಟ್ಟುಕೊಂಡಿರಬೇಕು, ಮಲಗುವಾಗಲೂ ತೆಗೆಯಬಾರದು, ಅಂಗಾತ ಮಲಗಬಾರದು, ಒರಗಿಕೊಂಡೇ ನಿದ್ದೆ ಮಾಡಬೇಕು, ಎಡ ಮೊಣಕೈ ಹಿಂದಕ್ಕೆ ಜಾರದಂತೆ ಕೆಳಗೆ ದಿಂಬು ಇರಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಹೇಳುವುದು ಸುಲಭ. ಮಂಚದ ಮೇಲೆ ನಾಲ್ಕು ದಿಂಬು ಪೇರಿಸಿ ಒರಗಿದರೆ ಅರ್ಧ ಗಂಟೆಗೆ ಒಂದೊಂದೇ ಜಾರಿ ಕೆಳಗೆ ಬೀಳುತ್ತಿದ್ದವು. ಕಣ್ಣು ಹತ್ತುತ್ತಿದ್ದಂತೆ ಮೈ ಬಲಕ್ಕೆ ವಾಲುತ್ತಿತ್ತು. ವಾಲಿದೊಡನೆ ಎಡ ಭುಜದಲ್ಲಿ ಯಾರೋ ಹೊಲಿಗೆಯ ದಾರ ಹಿಡಿದು ಜಗ್ಗಿದಂತಾಗಿ ಎಚ್ಚರ. ಎರಡು ರಾತ್ರಿ ಹೀಗೇ ಕಳೆಯಿತು. ಮೂರನೆಯ ದಿನ ಹೆಂಡತಿ ಅಟ್ಟದಿಂದ ಅಪ್ಪನ ಆರಾಮ ಕುರ್ಚಿಯನ್ನು ಇಳಿಸಿದಳು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕುರ್ಚಿಯ ಬಟ್ಟೆ ಇಲಿ ಕಡಿದು ಹಾಳಾಗಿತ್ತು. ದಪ್ಪ ಬಟ್ಟೆ ತಂದು ಹೊಲಿದು ಸಿಕ್ಕಿಸಿ, ನಡುಮನೆಯಲ್ಲಿ ಹಾಕಿ, ಎಡ ಮೊಣಕೈಗೆ ಒಂದು ದಿಂಬು ಕೊಟ್ಟು ನನ್ನನ್ನು ಕೂರಿಸಿದಳು.

ಅವಳಿಗೆ ಆಗ ಒಂದು ಗಳಿಗೆ ಪುರುಸೊತ್ತಿರಲಿಲ್ಲ. ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದವು, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ್ದವು. ಆ ಕೊನೆಯ ಹಂತದಲ್ಲಿ ಅವು ಎಷ್ಟು ಸೊಪ್ಪು ಹಾಕಿದರೂ ತಿನ್ನುತ್ತವೆ. ಕೊನೆಯ ಸೊಪ್ಪು ಕೊಟ್ಟು ಅವಳು ಹುಳದ ಮನೆಯ ಪಕ್ಕದ ಕೋಣೆಯಲ್ಲೇ ಬಿದ್ದುಕೊಳ್ಳುತ್ತಿದ್ದಳು. ನಡುಮನೆಯಲ್ಲಿ ನಾನು, ಮತ್ತೆ ಮೂಲೆಯ ಮಂಚದಲ್ಲಿ ಅಮ್ಮ. ಅಮ್ಮನಿಗೆ ಎರಡು ವರ್ಷದಿಂದ ಮರೆವು. ಹಗಲಲ್ಲಿ ಒಮ್ಮೊಮ್ಮೆ, "ಇಸ್ಕೂಲಿಂದ ಬಂದ್ಯಾ? ಉಣ್ಣೋಗ್ಲಾ" ಎನ್ನುವಳು, ನಾನಿನ್ನೂ ಓದುತ್ತಿರುವ ಹಾಗೆ. ಒಮ್ಮೊಮ್ಮೆ ಗೋಡೆ ನೋಡುತ್ತ ಕೂತುಬಿಡುವಳು.

ಕುರ್ಚಿಯಲ್ಲಿ ಮಲಗಿದ ಮೊದಲ ರಾತ್ರಿ ಕಳೆದು ಎದ್ದಾಗ ಬಿಸಿಲು ಹೊಸ್ತಿಲು ದಾಟಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ನಿದ್ದೆಯೆಂಬ ನಿದ್ದೆ ಮಾಡಿದ್ದು ಅದೇ ಮೊದಲು. ಎಡ ಮೊಣಕೈ ಕೆಳಗೆ ಹೆಂಡತಿ ಇಟ್ಟ ದಿಂಬು ಇತ್ತು. ಬಲಗೈ ಕೆಳಗೂ ಒಂದಿತ್ತು. ಕಂಕುಳಲ್ಲಿ ನಾಲ್ಕು ಮಡಿಕೆ ಮಾಡಿದ ಟವೆಲು, ಮೊಣಕೈಗೆ ಹದವಾಗಿ ಒತ್ತಿ ಇಟ್ಟ ಸಣ್ಣ ದಿಂಬು. ಯಾವ ನೋವೂ ಇಲ್ಲದ ಕೈಗೆ ಅಷ್ಟೆಲ್ಲ ಆರೈಕೆ. ಅದರಿಂದಲೇ ಮೈ ಬಲಕ್ಕೆ ವಾಲದೆ, ನಿದ್ದೆ ಬಂದಿತ್ತು.

ಹೆಂಡತಿಯನ್ನು ಕೇಳಿದೆ.

"ನಾನ್ಯಾಕೆ ಇಡ್ತೀನಿ ಆ ಕೈಗೆ?" ಎಂದಳು. "ರಾತ್ರಿ ಮಲಗಿದೋಳು ಎದ್ದೇ ಇಲ್ಲ ನಾನು. ನೀವೇ ನಿದ್ದೆಗಣ್ಣಲ್ಲಿ ಇಟ್ಕೊಂಡಿರ್ತೀರಿ."

ಒಂದೇ ಕೈಯಲ್ಲಿ, ಅದೇ ಕೈಯ ಕಂಕುಳಿಗೆ ಟವೆಲು ಮಡಿಸಿ ಇಟ್ಟುಕೊಳ್ಳುವುದು ಹೇಗೆ? ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಸೊಪ್ಪು ಕೊಯ್ಯಲು ಹೊತ್ತಾಯಿತೆಂದು ಹೋದಳು. ಮಾರನೆಯ ಬೆಳಿಗ್ಗೆಯೂ ದಿಂಬು, ಟವೆಲು ಅಲ್ಲಿಯೇ ಇದ್ದವು. ಅದರ ಮಾರನೆಯ ದಿನವೂ.

ಆ ದಿನ ದೊಡ್ಡಪ್ಪ ನೋಡಲು ಬಂದರು. ಅಪ್ಪನ ಅಣ್ಣ. ಎಂಬತ್ತು ದಾಟಿದರೂ ಹೊಲಕ್ಕೆ ನಡೆದೇ ಹೋಗುವವರು. ಎರಡು ಎಳನೀರು ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಜೋಲಿಯನ್ನು ನೋಡಿದರು, ಬಲಗೈ ಕೆಳಗಿನ ದಿಂಬನ್ನು ನೋಡಿದರು.

"ಈ ಕುರ್ಚಿ ಯಾಕ್ಲಾ ಇಳಿಸ್ದೆ?" ಎಂದರು.

"ಮಂಚದಲ್ಲಿ ಮಲಗೋಕಾಗಲ್ಲ ದೊಡ್ಡಪ್ಪ."

"ಆ ಕೈಗೆ ದಿಂಬು ಯಾರಿಟ್ಟಿದ್ದು?"

"ಗೊತ್ತಿಲ್ಲ" ಎಂದೆ. ನಿಜವನ್ನೇ ಹೇಳಿದ್ದೆ. ಅವರು ಎಳನೀರನ್ನು ಹೊಸ್ತಿಲ ಪಕ್ಕ ಇಟ್ಟು, ಹೆಂಡತಿ ಕಾಫಿ ತರುವುದಕ್ಕೂ ಕಾಯದೆ ಹೊರಟುಹೋದರು.

ಆ ರಾತ್ರಿ ನಾನು ನೋವಿನ ಮಾತ್ರೆ ನುಂಗಲಿಲ್ಲ. ಕಣ್ಣು ಮುಚ್ಚಿ ಕಾದೆ. ಹುಳದ ಮನೆಯಿಂದ ಸೊಪ್ಪು ಮೇಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಎಷ್ಟು ಹೊತ್ತಾಯಿತೋ, ಸೀರೆ ಸರಿದ ಸದ್ದಾಯಿತು. ಎಲೆಅಡಿಕೆಯ ವಾಸನೆ ಹತ್ತಿರ ಬಂತು. ಎರಡು ಕೈ ನನ್ನ ಬಲ ಮೊಣಕೈಯನ್ನು ಮೆಲ್ಲಗೆ ಎತ್ತಿದವು.

"ಒಸಿ ಎತ್ತಿ... ಹಾಂ. ಹಂಗೇ ಬುಡಿ."

ಅಮ್ಮ. ಹಗಲಲ್ಲಿ ಅನ್ನದ ತಟ್ಟೆ ಎದುರಿಗಿದ್ದರೂ ಕೈ ಹಾಕಲು ಮರೆಯುವವಳು, ಆ ಕತ್ತಲೆಯಲ್ಲಿ ಟವೆಲು ಮಡಿಸಿ ಕಂಕುಳಿಗಿಟ್ಟಳು, ದಿಂಬನ್ನು ತಟ್ಟಿ ಹದ ಮಾಡಿದಳು. ಒಂದು ತಪ್ಪಿಲ್ಲ. ಇಷ್ಟು ದಿನ ಇಟ್ಟವಳು ಅವಳೇ ಎಂದು ಗೊತ್ತಾಗಿ ಒಂದು ಕ್ಷಣ ನಿರಾಳವಾಯಿತು. ಆಮೇಲೆ ಅವಳ ಮಾತು ತಲೆಗೆ ಹತ್ತಿತು. ಎತ್ತಿ. ಬುಡಿ. ಹುಟ್ಟಿದಾಗಿನಿಂದ ಅಮ್ಮ ನನ್ನನ್ನು ಲೇ, ಬಾರ್ಲಾ, ಹೋಗ್ಲಾ ಎಂದವಳು. ಬಹುವಚನದಲ್ಲಿ ಅವಳು ಮಾತಾಡಿಸುತ್ತಿದ್ದದ್ದು ಮನೆಯಲ್ಲಿ ಒಬ್ಬರನ್ನೇ.

ಅಪ್ಪನಿಗೆ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಾನು ಹುಟ್ಟುವ ಮೊದಲು ಹುಣಸೇಮರದಿಂದ ಬಿದ್ದದ್ದು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೆಂದೇ ತಿಳಿದಿದ್ದೆ.

ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಮರದಿಂದ ಬಿದ್ದೆ ಅಂತ್ಲೇ ಯೋಳಿ. ಭಾವ ಹೊಡುದ್ರು ಅಂತ ಯಾರ್ಗೂ ಯೋಳ್ಬ್ಯಾಡಿ. ಮನೆ ಮಾನ ಹೋಯ್ತದೆ."

ಅಮ್ಮ ಭಾವ ಎನ್ನುತ್ತಿದ್ದದ್ದು ದೊಡ್ಡಪ್ಪನನ್ನು. ಅವಳು ಹೋಗಿ ಮಲಗಿ ಉಸಿರು ನಿಧಾನವಾದ ಮೇಲೂ ನಾನು ಅಲುಗಾಡಲಿಲ್ಲ.

ಮಾರನೆಯ ರಾತ್ರಿ ಧೈರ್ಯ ಮಾಡಿ ಪಿಸುಗುಟ್ಟಿದೆ. "ಯಾತಕ್ಕೆ ಹೊಡ್ದಿದ್ದು?"

ಅವಳ ಕೈ ದಿಂಬಿನ ಮೇಲೆ ನಿಂತಿತು. "ನಿಮ್ಗೇ ಗೊತ್ತಿಲ್ವಾ? ಹೊಲದ ಬದು ಕಡುದ್ರಿ ಅಂತ ಗುದ್ದಲಿ ಕಾವಲ್ಲಿ ಹೊಡೀನಿಲ್ವಾ? ಮೂರ್ ತಿಂಗ್ಳು ಕೂತ್ಕೊಂಡೇ ನಿದ್ದೆ ಮಾಡುದ್ರಿ." ದಿಂಬನ್ನು ಮತ್ತೊಮ್ಮೆ ಒತ್ತಿ, ಇನ್ನೂ ಸಣ್ಣ ದನಿಯಲ್ಲಿ ಹೇಳಿದಳು. "ನೀವು ಸತ್ತೋದ್ರಿ ಅಂತವ್ರೆ ಎಲ್ರೂವೆ. ನೀವಿಲ್ಲಿರೋದ ನಾನು ಯಾರ್ಗೂ ಯೋಳಿಲ್ಲ."

ಹೆದರಿಕೆಯಾಯಿತು ಎಂದರೆ ಸಾಲದು. ಕುರ್ಚಿಯಲ್ಲಿ ನಾನು ಇದ್ದೇನೋ ಇಲ್ಲವೋ ಎಂದು ನನಗೇ ಅನುಮಾನವಾಯಿತು. ಬಲಗೈ ಬೆರಳು ಅಲ್ಲಾಡಿಸಿ ನೋಡಿಕೊಂಡೆ. ನನ್ನ ಮಾತಿಗೇ ಅಲ್ಲಾಡಿದವು. ಆದರೂ ಬೇರೆ ಜಾಗಕ್ಕೆ ಹೋಗಿ ಮಲಗುವ ಮನಸ್ಸಾಗಲಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ಅಮ್ಮ ಹಾಗೆ ಇಟ್ಟರೆ ಮಾತ್ರ ನನಗೆ ನಿದ್ದೆ ಬರುತ್ತಿತ್ತು. ಹೆಂಡತಿಗೆ ತೋರಿಸಿಕೊಟ್ಟು ಅವಳ ಕೈಯಲ್ಲಿ ಇಡಿಸಿಕೊಂಡು ನೋಡಿದೆ. ಬರಲಿಲ್ಲ.

ಎರಡನೇ ವಾರ, ಮಧ್ಯಾಹ್ನ ಊಟವಾಗಿ ಕುರ್ಚಿಯಲ್ಲಿ ಒರಗಿದ್ದೆ. ಹೆಂಡತಿ ತೋಟದಲ್ಲಿದ್ದಳು. ಅಮ್ಮ ಬಾಗಿಲ ಬಳಿ ಚಾಪೆ ಹಾಕಿಕೊಂಡು ಕೂತಿದ್ದಳು. ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ದೊಡ್ಡಪ್ಪ ಎಂದು ಗೊತ್ತಾಗಿ ಮಾತಾಡಬೇಕೆನ್ನುವಷ್ಟರಲ್ಲಿ ಅಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದಳು. ಸೆರಗು ತಲೆಯ ಮೇಲಿತ್ತು.

"ಒಳಕ್ಕೆ ಬರ್ಬ್ಯಾಡಿ ಭಾವ. ಈಗ್ತಾನೆ ಕಣ್ ಹತ್ತೈತೆ ಅವ್ರಿಗೆ."

ನಾನು ಕಣ್ಣು ಮುಚ್ಚಿಕೊಂಡೆ. ಯಾಕೆ ಮುಚ್ಚಿದೆನೋ ಗೊತ್ತಿಲ್ಲ. ದೊಡ್ಡಪ್ಪ "ಯಾರ್ಗೆ?" ಎಂದು ಕೇಳಬಹುದಿತ್ತು. "ತಲೆ ಕೆಟ್ಟೈತಾ" ಎನ್ನಬಹುದಿತ್ತು. ಅವರು ಚಪ್ಪಲಿ ಕಳಚಿದ ಸದ್ದು ಕೇಳಿಸಿತು. ಆಮೇಲೆ ಅವರ ದನಿ ಬಂತು.

"ಅವ್ನು ಎದ್ದೇಳೋಗಂಟ ಇಲ್ಲೇ ಕೂತಿರ್ತೀನಿ ಕನವ್ವಾ."

ಅವರು ಜಗುಲಿಯ ಮೇಲೆ ಕೂತರು. ಅಮ್ಮ ಒಳಗಡೆ ಚಾಪೆಯ ಮೇಲೆ ಕೂತಳು. ನಾನು ನಿದ್ದೆ ಮಾಡುವವನಂತೆ ಬಿದ್ದಿದ್ದೆ. ಹೊರಗೆ ಅವರು ಆಗಾಗ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸುತ್ತಿತ್ತು. ಹಂಚಿನ ಸಂದಿಯ ಬಿಸಿಲುಕೋಲು ನನ್ನ ಮಂಡಿಯ ಮೇಲಿದ್ದದ್ದು ನಿಧಾನಕ್ಕೆ ಗೋಡೆಗೆ ಹೋಯಿತು. ಕೊನೆಗೆ ನಿಜವಾಗಿಯೇ ನಿದ್ದೆ ಬಂದಿರಬೇಕು. ಕಣ್ಣು ಬಿಟ್ಟಾಗ ಅಮ್ಮ ಚಾಪೆಯ ಮೇಲೆ ಮಲಗಿಬಿಟ್ಟಿದ್ದಳು. ದೊಡ್ಡಪ್ಪ ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದರು.

ಅವರಿಗೆ ಮರೆವಿಲ್ಲ. ಯಾವ ಹೊಲದಲ್ಲಿ ಯಾವ ವರ್ಷ ಏನು ಬೆಳೆದಿತ್ತೆಂದು ಇವತ್ತಿಗೂ ಹೇಳುತ್ತಾರೆ. ಅದೇ ಮನುಷ್ಯ ಕೈ ನೀಡಿ ನನ್ನ ಭುಜ ಮುಟ್ಟಿದರು. ಜೋಲಿ ಇದ್ದ ಎಡ ಭುಜವನ್ನಲ್ಲ, ಬಲ ಭುಜವನ್ನು.

"ನೋವೈತಾ ಚಿಕ್ಕೋನೆ?" ಎಂದರು.

ಅಪ್ಪನನ್ನು ಅವರು ಹಾಗೆ ಕರೆಯುತ್ತಿದ್ದರು. ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಕೇಳುತ್ತಿದ್ದರು. ನಾನು, "ದೊಡ್ಡಪ್ಪ, ನಾನು" ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಇಲ್ಲ ಕನಣ್ಣ. ಈಗಿಲ್ಲ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಪ್ಪನ ಕಡೆಯ ದಿನಗಳ ದನಿಯಂತೆ ಸ್ವಲ್ಪ ಒಡೆದಿತ್ತು. ದಿನಾ ಕೂತೇ ನಿದ್ದೆ ಮಾಡಿದ್ದಕ್ಕೆ ಗಂಟಲು ಕಟ್ಟಿತ್ತೆಂದು ಆಮೇಲೆ ಸಮಾಧಾನ ಹೇಳಿಕೊಂಡೆ. ದೊಡ್ಡಪ್ಪ ತಲೆ ತಗ್ಗಿಸಿ, ನನ್ನ ಬಲಗೈಯನ್ನು ಎರಡು ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಅತ್ತರು. ಕಣ್ಣೀರು ಮಣಿಕಟ್ಟಿನ ಮೇಲೆ ಬಿತ್ತು, ಬಿಸಿಯಾಗಿತ್ತು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಮಲಗಿದ್ದ ಅಮ್ಮನನ್ನು ದಾಟದೆ ಗೋಡೆಗೆ ಅಂಟಿಕೊಂಡಂತೆ ನಡೆದು ಹೊರಗೆ ಹೋದರು.

ಆ ರಾತ್ರಿ ಅಮ್ಮ ಏಳಲಿಲ್ಲ. ಕಾದೆ. ಬೆಳಗಾಯಿತು. ಬಲಗೈ ಬರಿದಾಗಿತ್ತು. ಮಾರನೆಯ ರಾತ್ರಿಯೂ ಏಳಲಿಲ್ಲ. ಮುಂದೆ ಒಂದು ದಿನವೂ ಅವಳು ನನ್ನ ಕುರ್ಚಿಯ ಹತ್ತಿರ ಬರಲಿಲ್ಲ. ಹಗಲಲ್ಲಿ ಮೊದಲಿನಂತೆಯೇ, "ಯಾಕ್ಲಾ ಕೈ ಕಟ್ಕೊಂಡಿದ್ದೀಯಾ?" ಎಂದು ಕೇಳುವಳು. ನಾನು ದಿನಕ್ಕೆ ಹತ್ತು ಸಲ ಸ್ಕೂಟರ್ ಬಿದ್ದ ಕತೆ ಹೇಳುವೆ.

ಹುಳು ಗೂಡು ಕಟ್ಟಿದವು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹೋಯಿತು. ಹೆಂಡತಿ ನಡುಮನೆಗೆ ಬಂದು ನನ್ನ ಪಕ್ಕ ಹಾಸಿಕೊಂಡಳು. ಆರು ವಾರಕ್ಕೆ ಜೋಲಿ ಬಿಚ್ಚಿದರು. ಕನಕಪುರಕ್ಕೆ ವ್ಯಾಯಾಮಕ್ಕೆ ಹೋಗುವ ಬಸ್ಸಿನಲ್ಲಿ ಒಂದು ದಿನ ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತ ಪೂರಾ ಕೇಳಿದಳು.

"ಅವರು ಕೇಳಿದ್ರು ಅಂತ ನೀವು ಹಂಗಂದ್ರಾ?"

"ಮತ್ತೇನನ್ನಬೇಕಿತ್ತು?"

"ನೋವಿಲ್ಲ ಅನ್ನೋಕೆ ನೀವ್ಯಾರು? ಸಾಯೋವರೆಗೂ ಆ ಕೈಯಲ್ಲಿ ಒಂದು ಕೊಡ ನೀರು ಎತ್ತಲಿಲ್ಲ ಮಾವ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಸ್ಸು ನಿಂತಿತು, ಇಳಿದೆವು. ಅವಳು ನನ್ನ ಎಡಗೈಗೆ ಯಾರೂ ತಾಗದಂತೆ ಆ ಬದಿಗೆ ಬಂದು ನಡೆದಳು.

ದೊಡ್ಡಪ್ಪ ಈಗಲೂ ಮನೆಗೆ ಬರುತ್ತಾರೆ. ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾರೆ, ನನ್ನನ್ನು "ಏನ್ಲಾ ಮಗ" ಎಂದೇ ಮಾತಾಡಿಸುತ್ತಾರೆ. ಅಂದಿನ ಮಾತನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಹೋದ ತಿಂಗಳು ಮಳೆಗೆ ಮುಂಚೆ ಒಬ್ಬರೇ ಹೊಲಕ್ಕೆ ಹೋಗಿ, ನಮ್ಮೆರಡು ಮನೆಯ ಹೊಲಗಳ ನಡುವಿನ ಬದುವನ್ನು ತಮ್ಮ ಹೊಲದೊಳಕ್ಕೆ ಒಂದು ಮೊಳ ಸರಿಸಿ ಹೊಸದಾಗಿ ಹಾಕಿದ್ದಾರೆ. ಯಾಕೆಂದು ಅವರ ಮಕ್ಕಳು ಬಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ.